ತಾನಾಗಿ ಬಂದು ಬೀಳುವ ಕರೆಗಳು

ಜೂನ್ ೧೦, ಮಂಗಳವಾರ

ಗಂಡನೂ ನಾನೂ ಬೇರೆಯಾದರೂ, ಯಾರೋ ಪುಣ್ಯಾತ್ಮರು ಊರಿಗೆಲ್ಲ ಪುಕ್ಕಟೆ ಕೊಟ್ಟ, ನಮ್ಮ ಫೋನು-ಲ್ಯಾಪ್‌ಟಾಪು ಜೋಡಿಸುವ ಸಾಫ್ಟ್‌ವೇರ್‌ಗೆ ಅದು ಗೊತ್ತಿಲ್ಲ. ಅವರು ಪ್ಲಂಬರ್ ಅಲ್ಲವೇ, ಅವರ ಫೋನಿನಲ್ಲಿ ರೆಕಾರ್ಡ್ ಆದ ಗಿರಾಕಿಗಳ ಕರೆಗಳೆಲ್ಲ ಇಂದಿಗೂ ನನ್ನ ಲ್ಯಾಪ್‌ಟಾಪಿಗೆ ತಾವಾಗಿ ಬಂದು ಬೀಳುತ್ತವೆ. ಮೊದಲು ಅವನ್ನು ಕೇಳಿ ವಿಳಾಸ ಟೈಪ್ ಮಾಡಿಡುತ್ತಿದ್ದವಳು ನಾನೇ. ಈಗ ಈ ಒಂಟಿ ಬಾಡಿಗೆ ಕೋಣೆಯಲ್ಲಿ ಕಂಡವರ ಸೋರುವ ನಲ್ಲಿಯ ಗೋಳೇ ನನಗೆ ಜೊತೆ. ನಾಚಿಕೆಗೇಡು.

ಇವತ್ತಿನ ಕರೆಯಲ್ಲಿ ಒಬ್ಬಾಕೆ ಅವರ ಮೇಲೆ ರೇಗಿದರು: "ಇವತ್ತೂ ಮನೆ ಸಿಗ್ಲಿಲ್ವಾ? ಮುಂಚೆ ಸೀದಾ ಬರ್ತಿದ್ರಲ್ಲ!"

"ಅಡ್ರೆಸ್ ಬರೆದಿಡ್ತಿದ್ದಿದ್ದು ನಮ್ಮನೆಯವಳು, ಮೇಡಂ. ತವರಿಗೆ ಹೋಗಿದಾಳೆ, ಬರ್ತಾಳೆ. ನಾಳೆ ನಾನು ಖಂಡಿತ ಬರ್ತೀನಿ."

ತವರಂತೆ! ನಾನಿರುವುದು ಅವರ ಮನೆಯಿಂದ ಎರಡೇ ಬೀದಿ ಆಚೆ.

ಅದನ್ನೇ ಮತ್ತೆ ಮತ್ತೆ ಹಾಕಿ ಕೇಳಿದೆ. ಆಮೇಲೆ ಕರೆಯಲ್ಲಿ ಆಕೆ ಹೇಳಿದ್ದ ವಿಳಾಸ ಟೈಪ್ ಮಾಡಿದೆ: ಔಷಧಿ ಅಂಗಡಿ ಎದುರು, ನೀಲಿ ಗೇಟು, ಮೂರನೇ ಮಹಡಿ. ಕರೆಗಳು ಬಂದು ಬೀಳುವ ಫೋಲ್ಡರಿಗೇ ಹಾಕಿದೆ. ಹಸಿರು ಟಿಕ್ ಬಿತ್ತು. ಅಂದರೆ ಅವರ ಫೋನಿಗೆ ತಲುಪಿತು.

ಅವರು ಅದನ್ನು ನೋಡುವವರೆಗೆ ಇನ್ನು ನಿದ್ದೆ ಬಂದ ಹಾಗೆಯೇ!