ಬಿಳಿ ಹಾಳೆಯ ಮೇಲಿನ ನೀಲಿ ಚುಕ್ಕಿ

ಭಾನುವಾರ, ಮಾರ್ಚ್ ೧೧

ಪರಮಪೂಜ್ಯ ಅಕ್ಕನವರ ಸನ್ನಿಧಾನಕ್ಕೆ,

ತಾವು ಮೂಗೊರೆಸಿ ಬೆಳೆಸಿದ ತಮ್ಮನು ನೆಲಕ್ಕೆ ಹಣೆ ತಾಗಿಸಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕೂತದ್ದು ತಪ್ಪು. ಸೋಮಾರಿತನ ಎಂದು ನೀನು ಆಗಲೇ ತೀರ್ಪು ಕೊಟ್ಟಿರುತ್ತೀ. ಈ ಸಲ ಅದಲ್ಲ ಅಕ್ಕಾ. ಬರೆದು ಬರೆದು ಹರಿದು ಹಾಕಿದೆ. ಅಮ್ಮ ಚೆನ್ನಾಗಿದ್ದಾಳೆ, ಮಂಡಿಯನ್ನು ಬೈಯುತ್ತಾ ಓಡಾಡುತ್ತಾಳೆ. ಅಪ್ಪ ಮಾತ್ರ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಯಾಕೆಂದು ನನ್ನ ತಲೆಗೆ ಹೊಳೆಯುತ್ತಿಲ್ಲ. ನಡೆದದ್ದನ್ನು ನಿನ್ನ ಮುಂದೆ ಹರವುತ್ತೇನೆ, ಏನಾದರೂ ತಿಳಿದರೆ ಹೇಳು.

ಚೀಸ್ ಕಾರ್ಖಾನೆಯಲ್ಲಿ ಅಪ್ಪ ತೊಳೆಯುವವರ ಮೇಸ್ತ್ರಿ, ನಾನು ಲ್ಯಾಬಿನ ಸಹಾಯಕ ಎಂಬುದು ನಿನಗೆ ಗೊತ್ತು. ನನ್ನ ಕೆಲಸದ ಘನತೆ ಗೊತ್ತಿರಲಾರದು. ಹತ್ತಿ ಸುತ್ತಿದ ಕಡ್ಡಿಯಿಂದ ಮೇಜು, ಚಾಕು, ಬಾಗಿಲ ಹಿಡಿ, ಮೋರಿ ಎಲ್ಲದರ ಮೈ ಒರೆಸಿ ತಂದು, ಅದರಿಂದ ಏನು ಬೆಳೆಯುತ್ತದೆ ಎಂದು ಹೆರಿಗೆ ಕೋಣೆಯ ಹೊರಗೆ ನಿಂತ ಗಂಡನ ಹಾಗೆ ಕಾಯುವುದು. ಹುಡುಗರು ನನಗೆ ‘ಮೋರಿ ಮಂತ್ರಿ’ ಎಂಬ ಬಿರುದು ಕೊಟ್ಟಿದ್ದಾರೆ. ಬೆಳೆಯಲೇಬಾರದ ಒಂದು ಬ್ಯಾಕ್ಟೀರಿಯಾ ಇದೆ, ಲಿಸ್ಟೀರಿಯಾ. ಈ ಮಹಾಶಯ ಫ್ರಿಜ್ಜಿನ ಚಳಿಗೂ ಜಗ್ಗುವುದಿಲ್ಲ. ಒದ್ದೆ ಮೋರಿಯಲ್ಲಿ ಸಂಸಾರ ಹೂಡುತ್ತಾನೆ. ಗಟ್ಟಿಮುಟ್ಟಾದವರಿಗೆ ಅಷ್ಟಾಗಿ ತೊಂದರೆಯಿಲ್ಲವಂತೆ. ಮುದುಕರಿಗೆ, ಬಸುರಿಯರಿಗೆ ಕಷ್ಟ ಎನ್ನುತ್ತಾರೆ ಲ್ಯಾಬ್ ಮೇಡಂ.

ಕಳೆದ ತಿಂಗಳು ಅವನು ಚೀಸ್ ಕತ್ತರಿಸುವ ಮೇಜಿನ ಮೇಲೆ ಸಿಕ್ಕ. ಅದು ಅಪ್ಪ ಬೇರೆ ಯಾರಿಗೂ ಬಿಡದೆ ತಾನೇ ತೊಳೆಯುವ ಕೋಣೆ. ವಿಚಿತ್ರವೆಂದರೆ, ತೊಳೆಯುವ ಮೊದಲು ಒರೆಸಿದರೆ ಮೇಜು ಶುದ್ಧ, ಅಪ್ಪ ತೊಳೆದ ಮೇಲೆ ಒರೆಸಿದರೆ ಲಿಸ್ಟೀರಿಯಾ. ಅಪ್ಪನಿಗೆ ಜ್ವರ ಬಂದ ವಾರ ‘ಗೊರಕೆ’ ಎಂದು ಹೆಸರಾದ ಮಹಾ ಆಲಸಿ ಒಂದು ಬಕೆಟ್ ನೀರು ಚೆಲ್ಲಿ, ಕೈ ಒರೆಸಿಕೊಂಡು ಹೋಗುತ್ತಿದ್ದ. ಆ ವಾರವೆಲ್ಲ ಏನೂ ಇಲ್ಲ. ಕೊಳೆ ಬಿಟ್ಟರೆ ಶುದ್ಧ, ತೊಳೆದರೆ ಅಶುದ್ಧ. ನನಗೆ ತಲೆ ಕೆಟ್ಟುಹೋಯಿತು.

ಅಪ್ಪನಿಗೆ ಹೇಳಿದರೆ ಅವನು ನಂಬಬೇಕಲ್ಲ.

“ಕಡ್ಡೀನ ಎಲ್ಲಿ ಅದ್ಕೊಂಡು ಬಂದ್ಯೋ? ಅನ್ನ ಕೊಡೋ ಜಾಗದಲ್ಲೂ ನಿನ್ನ ಹುಡುಗಾಟ ಬಿಡಲ್ವಲ್ಲ,” ಎಂದ.

ಅವನನ್ನು ದೂರುವ ಹಾಗಿಲ್ಲ. ‘ಸೋಪನ್ನು ಬಳಸುವ ಮುನ್ನ ಸೋಪನ್ನು ತೊಳೆಯತಕ್ಕದ್ದು’ ಎಂದು ನಾನು ಅಂಟಿಸಿದ ಆಜ್ಞಾಪತ್ರವನ್ನು ನಂಬಿ ಇಡೀ ಪಾಳಿಯವರು ಶ್ರದ್ಧೆಯಿಂದ ಸೋಪು ತೊಳೆದಿದ್ದರು, ಅಪ್ಪನೂ ಸೇರಿ.

ಅಷ್ಟರಲ್ಲಿ ಮ್ಯಾನೇಜರು, ಇನ್ನೊಂದು ಸಲ ಸಿಕ್ಕರೆ ಮೇಸ್ತ್ರಿಯನ್ನು ಆ ಕೋಣೆಯಿಂದ ತೆಗೆಯುತ್ತೇನೆ ಎಂದರು. ಅಪ್ಪ ಹಟ ಹಿಡಿದು ಇನ್ನೂ ಜೋರಾಗಿ ತೊಳೆದ. ಇನ್ನೂ ಹೆಚ್ಚು ಸಿಕ್ಕಿತು.

ಕೊನೆಗೆ ಮೇಡಂ ಒಂದು ಉಪಾಯ ಮಾಡಿದರು. ಮೋರಿಗೆ ನೀಲಿ ಬಣ್ಣ ಸುರಿದು, ಮೇಜಿನ ಮೇಲೆಲ್ಲ ಬಿಳಿ ಹಾಳೆ ಹಾಸಿ, ಮೋರಿಯನ್ನು ಎಂದಿನಂತೆ ತೊಳೆಯಿರಿ ಎಂದರು. ಇದೂ ನನ್ನದೇ ಕಿತಾಪತಿ ಎಂಬಂತೆ ಅಪ್ಪ ನನ್ನನ್ನು ದುರುಗುಟ್ಟಿ ನೋಡಿದ. ಆಮೇಲೆ ಪೈಪು ಹಿಡಿದ. ದಿನವೂ ಮೇಜು ತೊಳೆದು ಮುಗಿಸಿ ಕೊನೆಗೆ ಅವನು ಮೋರಿ ತೊಳೆಯುವುದನ್ನು ನೀನು ನೋಡಬೇಕು ಅಕ್ಕಾ. ನೀರಿನ ರಭಸಕ್ಕೆ ಜಾಲರಿಯೇ ನಡುಗುತ್ತದೆ. ಮುಗಿದ ಮೇಲೆ ನೋಡಿದರೆ, ಅಷ್ಟು ದೂರದ ಮೇಜಿನ ಹಾಳೆಗಳ ತುಂಬಾ ಸಾಸಿವೆಗಿಂತ ಸಣ್ಣ ನೀಲಿ ಚುಕ್ಕಿಗಳು. ಜೋರು ನೀರು ಬಿದ್ದಾಗ ಮೋರಿಯ ಕೊಳೆ ಕಾಣದ ಹನಿಗಳಾಗಿ ಮೇಲೆದ್ದು ಎಲ್ಲೆಡೆ ಕೂರುತ್ತದಂತೆ. ಗೊರಕೆ ಮೋರಿಯ ಹತ್ತಿರವೇ ಸುಳಿಯುತ್ತಿರಲಿಲ್ಲ, ಅದಕ್ಕೇ ಮೇಜು ಉಳಿದಿತ್ತು.

ಅಪ್ಪ ಕನ್ನಡಕ ತೆಗೆದು ನೋಡಿದ. ಅದರ ಗಾಜಿನ ಮೇಲೂ ನೀಲಿ. ನನಗೆ ನಗು ಬಂತು, ತಡೆದುಕೊಂಡೆ.

“ಹಾಗಾದ್ರೆ ನಾನು ತೊಳೀತಿರ್ಲಿಲ್ಲ,” ಎಂದ. “ಹಂಚ್ತಾ ಇದ್ದೆ.”

ನಿಮಗೆ ಯಾರೂ ಹೇಳಿಕೊಡಲಿಲ್ಲ, ತಪ್ಪು ನಮ್ಮದು ಎಂದು ಮೇಡಂ ಎಲ್ಲರೆದುರು ಹೇಳಿದರು. ಈಗ ಮೋರಿಗೆ ಪೈಪು ಹಿಡಿಯುವಂತಿಲ್ಲ. ಬ್ರಷ್ಷಿನಿಂದ ಉಜ್ಜಿ, ಔಷಧಿ ಹಾಕಿ, ನೆಲ ಒಣಗಿಸಬೇಕು. ಮ್ಯಾನೇಜರು ಅಪ್ಪನನ್ನು ತೆಗೆಯಲಿಲ್ಲ, ಹೊಸಬರಿಗೆ ಕಲಿಸಲು ನೀವೇ ನಿಲ್ಲಿ ಎಂದರು. ಮೇಜು ಈಗ ಶುದ್ಧ. ಮೆರವಣಿಗೆ ಮಾಡುವಷ್ಟು ಸಂತೋಷ ಪಡಬೇಕಾದ ಸುದ್ದಿ ತಾನೆ?

ಆದರೆ ಅಪ್ಪ ಮನೆಗೆ ಬಂದವನು ಬೂಟೂ ಬಿಚ್ಚದೆ ಕೂತ. ನನ್ನನ್ನು ಕೇಳಿದ್ದು ಒಂದೇ ಮಾತು, “ಮೂರು ವರ್ಷದ ಹಿಂದೆ ಈ ಕಡ್ಡಿ ಪರೀಕ್ಷೆ ಇತ್ತೇನೋ?” ಇರಲಿಲ್ಲ, ಆಗ ಲ್ಯಾಬೇ ಇರಲಿಲ್ಲ ಎಂದೆ. ಅಂದಿನಿಂದ ಮಾತಿಲ್ಲ. ನನಗೆ ನಗು ಬಂದದ್ದು ಕಂಡಿತೋ, ಮಗನ ಕಡ್ಡಿಯಿಂದ ಮಾನ ಹೋಯಿತೆಂದೋ, ಒಂದೂ ತಿಳಿಯುತ್ತಿಲ್ಲ. ಅವನನ್ನು ನಗಿಸಲೆಂದು ಕಾರ್ಖಾನೆಯಲ್ಲಿ ಆ ಪೈಪಿನ ಮುಂದೆ ನಿಂತು ‘ನಿವೃತ್ತ ಫಿರಂಗಿಗೆ ಅಂತಿಮ ನಮನ’ ಎಂದು ಭಾಷಣ ಮಾಡಿದೆ. ಗೊರಕೆ ನಕ್ಕ, ಅಪ್ಪ ಎದ್ದು ಹೋದ.

ವಯಸ್ಸಿನಲ್ಲಿ ಕಿರಿಯನಾದರೂ ಆಶೀರ್ವದಿಸುವ ಅಧಿಕಾರವನ್ನು ಕಸಿದುಕೊಂಡಿದ್ದೇನೆ. ನೀನೂ ಭಾವನೂ ಜಗಳವಾಡುತ್ತಾ ನೂರು ಕಾಲ ತಣ್ಣಗಿರಿ.

ತಮ್ಮ ಚರಣಸೇವಕ,
ಮೋರಿ ಮಂತ್ರಿ

ಮತ್ತೆ: ಕಾಗದ ಮಡಚುವಾಗ ಅಮ್ಮ ಅಡುಗೆಮನೆಗೆ ಕರೆದು ಹೇಳಿದಳು. ಮೂರು ವರ್ಷದ ಹಿಂದೆ ನೀನು ಏಳು ತಿಂಗಳ ಬಸುರಿಯಾಗಿದ್ದಾಗ ಅಪ್ಪ ಆ ಮೇಜಿನ ಚೀಸನ್ನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಿನ್ನ ಮನೆಗೆ ತಂದಿದ್ದನಂತೆ, ನಾನೇ ತೊಳೆದ ಕೋಣೆಯದು, ಧೈರ್ಯವಾಗಿ ತಿನ್ನು ಎಂದು. ಮಗು ಹೋದದ್ದು ಅದಾದ ಮೇಲೆ. ಮೇಡಂ ಮನೆಗೆ ಓಡಿ ಕೇಳಿದೆ. ಈಗ ತಿಳಿಯುವ ದಾರಿಯೇ ಇಲ್ಲ, ನೂರು ಕಾರಣ ಇರಬಹುದು ಎಂದರು. ಅಪ್ಪನಿಗೆ ಹೇಳಿದೆ, ಗೋಡೆ ಕಡೆ ಹೊರಳಿದ. ‘ಆ ಚೀಸನ್ನು ನಾನು ತಿನ್ನಲಿಲ್ಲ’ ಎಂದು ಅಪ್ಪನಿಗೆ ಬರೆ ಎಂದು ನಿನ್ನನ್ನು ಬೇಡಿಕೊಳ್ಳಲು ಕೂತೆ. ಹಾಗೆ ಬೇಡಬಹುದೋ ಬಾರದೋ ಗೊತ್ತಾಗುತ್ತಿಲ್ಲ ಅಕ್ಕಾ, ಹೋದದ್ದು ನಿನ್ನ ಮಗು. ಏನು ಬರೆಯಬೇಕು ಅನಿಸುತ್ತದೋ ಅದನ್ನೇ ಬರೆ. ಲಕೋಟೆಯ ಮೇಲೆ ಮಾತ್ರ ಅಪ್ಪನ ಹೆಸರು ಹಾಕು. ನಾನು ಒಡೆದು ನೋಡುವುದಿಲ್ಲ.