ಎರಡು ಛಾವಣಿಯ ಕಾರು ಬರುವ ಮುನ್ನ

ಮಾರ್ಚ್ ೩, ಭಾನುವಾರ

ಪ್ರೀತಿಯ ಭಾವನವರಿಗೆ,

ನಿಮ್ಮ ಭಾಮೈದನ ನಮಸ್ಕಾರಗಳು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಲ್ಲಿ ನೀವೂ ಚೆನ್ನಾಗಿದ್ದೀರಿ ಎಂದು ಅಕ್ಕ ಹೇಳಿದಳು, ನೀವು ಹೇಳಲಿಲ್ಲ. ನಿಮ್ಮ ಕೈಗೆ ಫೋನು ಕೊಟ್ಟರೆ ‘ಹೂಂ’ ಎಂಬ ಒಂದೇ ಅಕ್ಷರದಲ್ಲಿ ಊರ ಸುದ್ದಿಯನ್ನೆಲ್ಲ ಮುಗಿಸಿಬಿಡುತ್ತೀರಿ. ಅದಕ್ಕೇ ಈ ಕಾಗದ. ಕಾಗದಕ್ಕೆ ನೀವು ಎಷ್ಟು ಹೂಂಗುಟ್ಟಿದರೂ ನನಗೆ ಕೇಳಿಸುವುದಿಲ್ಲ.

ಬರೆಯುವುದು ಮೂರು ತಿಂಗಳು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ಊರಿನ ಅಂಗಡಿಗಳ ತಕ್ಕಡಿಗಳನ್ನೆಲ್ಲ ಪರೀಕ್ಷಿಸಿ ಮುದ್ರೆ ಒತ್ತುವ ಕೆಲಸ ವರ್ಷಕ್ಕೊಮ್ಮೆ ನಮ್ಮ ಕಚೇರಿಯ ತಲೆಯ ಮೇಲೆ ಬೀಳುತ್ತದಲ್ಲ, ಅದರಲ್ಲೇ ಮುಳುಗಿದ್ದೆ. ಮೊನ್ನೆ ತರಕಾರಿಯಾಕೆ ನನ್ನನ್ನು ಕಂಡ ಕೂಡಲೇ, ಗಿರಾಕಿಗೆ ಈರುಳ್ಳಿ ತೂಗುತ್ತಲೇ, ಇವತ್ತು ಅಂಗಡಿ ರಜ ಎಂದಳು. ಆದರೆ ಅವಳ ತಕ್ಕಡಿ ಸರಿಯಾಗಿಯೇ ಇತ್ತು. ಹೆದರುವವರೆಲ್ಲ ಮೋಸಗಾರರಲ್ಲ ಎಂದು ಇಪ್ಪತ್ತು ವರ್ಷ ಈ ಕೆಲಸ ಮಾಡಿ ಕಲಿತಿದ್ದೇನೆ. ನೀವು ನನ್ನನ್ನು ‘ತಕ್ಕಡಿ’ ಎಂದು ಕರೆಯುವುದಕ್ಕೆ ಇಷ್ಟಾದರೂ ಅರ್ಥ ಬೇಡವೇ.

ಈಗ ಸುದ್ದಿ. ಕೂತಿದ್ದರೆ ಕೂತೇ ಇರಿ, ನಿಂತಿದ್ದರೆ ಗೋಡೆ ಹಿಡಿದುಕೊಳ್ಳಿ. ಅದು ಬರುತ್ತಿದೆ.

ಯಾವುದು ಎಂದು ಕೇಳಬೇಡಿ. ಹದಿನಾರು ವರ್ಷದಿಂದ ನೀವು ‘ಈ ಮಾಡೆಲ್ ಕಂಪನಿಯವರು ಇದೊಂದನ್ನ ಯಾಕೆ ಮಾಡಲ್ಲ’ ಎಂದು ಗೊಣಗುತ್ತಿದ್ದ ಕಾರು. ಆ ಹಳೇ ಕಾಲದ ಎರಡು ಬಾಗಿಲಿನ ಗಾಡಿ, ನಿಜವಾದದ್ದರ ಇಪ್ಪತ್ತೈದರಲ್ಲಿ ಒಂದು ಪಾಲಿನ ಅಳತೆಯಲ್ಲಿ, ಅಂಟಿಸಿ ಜೋಡಿಸುವ ಬಿಡಿಬಿಡಿ ಪ್ಲಾಸ್ಟಿಕ್ ಭಾಗಗಳಾಗಿ, ಡಬ್ಬದಲ್ಲಿ. ಅದೂ ಸಾಧು ರೂಪದಲ್ಲಲ್ಲ, ಹಾಟ್ ರಾಡ್ ರೂಪದಲ್ಲಿ: ಮಡ್‌ಗಾರ್ಡು ಕಿತ್ತೆಸೆದು, ಛಾವಣಿ ತಗ್ಗಿಸಿ, ಯೋಗ್ಯತೆಗೆ ಮೀರಿದ ಎಂಜಿನನ್ನು ಹೊಟ್ಟೆಗೆ ತುರುಕಿಕೊಂಡ ಪುಂಡ ಗಾಡಿ. ಸುದ್ದಿ ಓದಿದ ದಿನವೇ ನನಗೆ ಇಷ್ಟು ಹೊಳೆಯಿತು:

ಬಾನೆಟ್ ಇಲ್ಲ, ಬಂಪರ್ ಇಲ್ಲ, ಮಡ್‌ಗಾರ್ಡ್ ಇಲ್ಲವೇ ಇಲ್ಲ,
ಇರುವುದೆಲ್ಲ ಎಂಜಿನ್, ಉಳಿದದ್ದಕ್ಕೆ ಪುರಸೊತ್ತಿಲ್ಲ.

ನನ್ನ ಹೆಂಡತಿಗೆ ಓದಿ ಹೇಳಿದೆ. ಕೊನೆಯ ಸಾಲು ಯಾರ ಬಗ್ಗೆ ಎಂದು ಕೇಳಿದಳು.

ಹಳೆಯ ಅಚ್ಚಿಗೇ ಹೊಸ ಡಬ್ಬ ತೊಡಿಸಿ ಮಾರುವ ಚಾಳಿ ಅಲ್ಲ ಇದು. ಅಚ್ಚೂ ಹೊಸದು. ಪತ್ರಿಕೆಯಲ್ಲಿ ಬಂದ ಚಿತ್ರಗಳನ್ನು ಭೂತಗನ್ನಡಿ ಇಟ್ಟು ನೋಡಿದ್ದೇನೆ. ಬಣ್ಣವಿಲ್ಲದ ಬೂದು ಭಾಗಗಳು, ಆದರೂ ಬಾಗಿಲ ಸಂದಿನ ಗೆರೆ ಕೂದಲೆಳೆಯಷ್ಟು ಸಣ್ಣ. ಎಂಜಿನ್ ಎರಡು ಬಗೆ. ಮುಖ್ಯವಾದದ್ದು ಇನ್ನು ಹೇಳುತ್ತೇನೆ: ಛಾವಣಿಯೂ ಎರಡು. ಒಂದು ಕಾರ್ಖಾನೆಯಿಂದ ಬಂದ ಹಾಗೆ ಎತ್ತರದ್ದು, ಇನ್ನೊಂದು ಮೊದಲೇ ತಗ್ಗಿಸಿದ್ದು. ನೀವು ಸಣ್ಣ ಗರಗಸ ಹಿಡಿದು, ಉಸಿರು ಬಿಗಿ ಮಾಡಿ, ಕಿಟಕಿಯ ಕಂಬಗಳನ್ನು ಕತ್ತರಿಸಿ ಮತ್ತೆ ಕೂರಿಸುತ್ತಿದ್ದ ಕೆಲಸವನ್ನು ಅವರೇ ಮಾಡಿ ಕಳಿಸುತ್ತಿದ್ದಾರೆ. ನಿಮಗಿದು ಅವಮಾನ ಎಂದು ಗೊತ್ತು. ನೀವು ಎತ್ತರದ್ದನ್ನೇ ತೆಗೆದುಕೊಂಡು ಕತ್ತರಿಸುತ್ತೀರಿ ಎಂಬುದೂ ಗೊತ್ತು.

ಅಂಗಡಿಯವನ ಹತ್ತಿರ ಹೆಸರು ಬರೆಸಿ ಬಂದೆ. ಅದೇ ನಮ್ಮ ‘ಬಂದೇಬಿಡ್ತು’. ಏನು ಕೇಳಿದರೂ ಬಂದೇ ಬಿಡ್ತು ಸಾರ್ ಎಂದು ಎರಡು ವರ್ಷ ಕಾಯಿಸುವವನು. ಈ ಸಲ ಏಪ್ರಿಲ್ ಕೊನೆ ಎಂದ. ತಿಂಗಳ ಹೆಸರು ಅವನ ಬಾಯಲ್ಲಿ ಕೇಳಿದ್ದು ನನಗಿದೇ ಮೊದಲು, ಅದರಿಂದಲೇ ನಂಬಿಕೆ ಬಂತು. ಒಂದೇ ಡಬ್ಬ ಬರೆಸಿದ್ದೇನೆ. ನಮ್ಮ ಹಳೇ ಕರಾರು: ಡಬ್ಬ ಒಂದು, ಕೈ ನಾಲ್ಕು, ಮೈ ನಿಮ್ಮದು, ಹೊಟ್ಟೆ ನನ್ನದು. ಬಾಡಿ, ಪುಟ್ಟಿ, ಬಣ್ಣ ನೀವು. ಎಂಜಿನ್ನು, ಚಕ್ರ, ಅಡಿಗಟ್ಟು ನಾನು. ಒಬ್ಬರದನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ನೀವು ಮದುವೆಯಾದ ಹೊಸದರಲ್ಲಿ ಅಕ್ಕನ ಜೊತೆ ಬಂದಾಗ, ಇನ್ನೂ ಕಾಲೇಜಿನಲ್ಲಿದ್ದ ನನ್ನ ಮುಂದೆ ಡಬ್ಬ ಇಟ್ಟು ಹೇಳಿದ ಕರಾರು ಇದು. ಇಪ್ಪತ್ತಮೂರು ಗಾಡಿಗಳಾದವು.

ಇಪ್ಪತ್ತನಾಲ್ಕನೆಯದರ ಮಾತು ಎತ್ತಬಾರದು ಎಂದಿದ್ದೆ. ಎತ್ತದಿದ್ದರೆ ಕಾಗದ ಸುಳ್ಳಾಗುತ್ತದೆ. ಒಂದು ಸಲ, ಅದರ ಬಣ್ಣ ಸುಕ್ಕುಗಟ್ಟಿತು, ನಿಜ. ಅದಾಗಿ ಒಂದೂವರೆ ವರ್ಷ ನೀವು ಇಂಥ ಪುಟ್ಟ ಗಾಡಿಗೆ ಬ್ರಷ್ಷು ಮುಟ್ಟಿಸಿಲ್ಲ, ನಮ್ಮ ಮನೆ ಕಡೆಗೂ ಬಂದಿಲ್ಲ. ಮೂವತ್ತು ವರ್ಷ ಬಸ್ಸುಗಳಿಗೆ ಬಣ್ಣ ಹೊಡೆದ ಮೇಸ್ತ್ರಿ ಅಂಗೈಯಗಲದ ಕಾರಿಗೆ ಹೆದರುವುದೇ? ಮೇ ಮೊದಲ ವಾರ ರಜೆ ಹಾಕಿ ಬನ್ನಿ. ಮೇಜು ಖಾಲಿ ಮಾಡಿಸಿದ್ದೇನೆ. ಬರುವುದಿಲ್ಲ ಎಂಬ ಉತ್ತರಕ್ಕೆ ಇಲ್ಲಿ ಜಾಗವಿಲ್ಲ.

ಅಕ್ಕನಿಗೆ ನನ್ನ ನೆನಪು ತಿಳಿಸಿ. ನಿಮ್ಮ ಮಗಳಿಗೆ, ನನ್ನ ಸೊಸೆಗೆ, ಆಶೀರ್ವಾದ, ಅವಳ ಪರೀಕ್ಷೆ ಸಲೀಸಾಗಲಿ.

ನಿಮ್ಮ ಭಾಮೈದ,
ತಕ್ಕಡಿ

ಮರೆತದ್ದು: ಕೆಂಪು ಬಣ್ಣವೋ ಕಪ್ಪೋ ಈಗಲೇ ತಿಳಿಸಿ. ನನ್ನ ಹೆಂಡತಿ ಹಸಿರು ಎಂದಿದ್ದಾಳೆ. ಮನೆಯಲ್ಲಿ ಮಾತುಕತೆ ಅಲ್ಲಿಗೇ ನಿಂತಿದೆ.


ಏಪ್ರಿಲ್ ೨೧, ಭಾನುವಾರ

ಪ್ರೀತಿಯ ಭಾವನವರಿಗೆ,

ನಮಸ್ಕಾರ. ನಿಮ್ಮ ಕಾರ್ಡು ಬಂದು ಹದಿನೈದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಈ ಸಲ ಕಚೇರಿಯ ನೆಪವಿಲ್ಲ. ಮೂರು ಸಲ ಬರೆಯಲು ಕೂತೆ, ಮೂರು ಸಲ ಪೆನ್ನಿನ ಕ್ಯಾಪು ಹಾಕಿ ಎದ್ದೆ.

ಇಪ್ಪತ್ತೈದು ವರ್ಷದಲ್ಲಿ ನೀವು ನನಗೆ ಬರೆದ ಮೊದಲ ಕಾರ್ಡು. ಅದರಲ್ಲಿ ಮೂರೇ ಸಾಲು. ‘ಡಬ್ಬ ನೀನೇ ಇಟ್ಕೊ. ನನ್ನ ಕೈಲಿ ಇನ್ನು ಆಗಲ್ಲ. ಬಣ್ಣ ಯಾವುದಾದರೂ ಹೊಡಿ, ಚೆನ್ನಾಗಿರುತ್ತೆ.’ ನನ್ನ ಬಣ್ಣ ಚೆನ್ನಾಗಿರುತ್ತೆ ಎಂದು ನೀವು ಬರೆದದ್ದನ್ನು ಓದಿಯೇ ಏನೋ ಕೆಟ್ಟಿದೆ ಎಂದು ನನಗೆ ಗೊತ್ತಾಯಿತು.

ಬುಧವಾರ ಅಕ್ಕ ಕಚೇರಿಗೇ ಫೋನು ಮಾಡಿದಳು. ನೀವು ಬಸ್ಸಿನ ಷೆಡ್ಡಿಗೆ ಕೆಲಸಕ್ಕೆ ಹೋದ ಹೊತ್ತು ನೋಡಿ ಮಾಡಿದ್ದಂತೆ. ಪೇಂಟಿನ ಕೋಣೆ ಬಿಟ್ಟು ಸ್ಟೋರಿಗೆ ಹಾಕಿ ಎಂದು ನೀವೇ ಮ್ಯಾನೇಜರಿಗೆ ಅರ್ಜಿ ಕೊಟ್ಟಿದ್ದೀರಂತೆ. ಒಂದೊಂದು ಕೋಟ್ ಹೊಡೆದ ಮೇಲೂ ಹೊತ್ತನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆಯುತ್ತೀರಂತೆ, ಬರೆದದ್ದನ್ನು ಮತ್ತೆ ಹೋಗಿ ನೋಡುತ್ತೀರಂತೆ. ಜೊತೆಯವರು ಮೇಸ್ತ್ರಿ ಲೆಕ್ಕದ ಮೇಷ್ಟ್ರಾದರು ಎಂದು ನಗುತ್ತಾರಂತೆ. ನೀವೂ ನಕ್ಕಿರಂತೆ. ಆಮೇಲೆ ಮನೆಗೆ ಬಂದು ಅಕ್ಕನಿಗೆ ಮಾತ್ರ ಹೇಳಿದಿರಂತೆ: ‘ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು. ಮೊದಲು ಹೊತ್ತು ಮರೆತರು, ಆಮೇಲೆ ನಮ್ಮನ್ನ.’

ಅಕ್ಕ ಅಳಲಿಲ್ಲ. ನಿಮಗೆ ತಿಳಿಯದ ಹಾಗೆ ಡಾಕ್ಟರ ಹತ್ತಿರ ಮುಂದಿನ ವಾರಕ್ಕೆ ಹೆಸರು ಬರೆಸಿದ್ದಾಳಂತೆ, ನೀನು ಬಂದು ಹೇಗಾದರೂ ಕರಕೊಂಡು ಹೋಗು ಎಂದಳು. ಅವಳು ಗುಟ್ಟಾಗಿ ಹೇಳಿದ್ದನ್ನು ನಾನು ಹೀಗೆ ಬಯಲು ಮಾಡುತ್ತಿದ್ದೇನೆ. ಅದಕ್ಕೆ ಅವಳು ಬೈಯುತ್ತಾಳೆ. ಬೈಯಲಿ.

ಭಾವ, ನನ್ನ ಮಾತು ಗಮನವಿಟ್ಟು ಕೇಳಿಸಿಕೊಳ್ಳಿ. ನಿಮ್ಮ ನೆನಪಿಗೆ ಏನೂ ಆಗಿಲ್ಲ. ಕೈಗೂ ಆಗಿಲ್ಲ. ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ನನಗೆ ಗೊತ್ತಿದ್ದು ಹೇಳುತ್ತಿದ್ದೇನೆ. ನಿಮ್ಮ ತಂದೆಗಾದದ್ದು ಬೇರೆ. ಹೋದ ವರ್ಷ ನಮ್ಮ ಮಗಳ ಹುಟ್ಟಿದ ದಿನಕ್ಕೆ ಮರೆಯದೆ ಫೋನು ಮಾಡಿದವರು ನೀವು. ಮಾಡಿ ‘ಹೂಂ’ ಎಂದಿರಿ, ಅದು ಬೇರೆ ವಿಷಯ. ಸ್ಟೋರಿನಲ್ಲಿ ಕೂತು ಬೋಲ್ಟು ಎಣಿಸುವ ವಯಸ್ಸೇ ನಿಮ್ಮದು? ಐವತ್ತನಾಲ್ಕು.

ಗೋಂದು ಒಣಗಲಿ, ಬಣ್ಣ ಒಣಗಲಿ, ಒಣಗುವುದೆಲ್ಲ ಒಣಗಲಿ,
ಭಾವ ಮಾತ್ರ ಒಣಗಬಾರದು, ಬಂದು ನನ್ನ ಬೈಯಲಿ.

ಈ ಪದ್ಯದಲ್ಲಿ ಕೊನೆಯ ಎರಡು ಪದ ಪ್ರಾಸಕ್ಕೆ ಹಾಕಿದ್ದಲ್ಲ.

ಈಗ ಕಾರಿನ ಸುದ್ದಿ. ಮೊನ್ನೆ ಅಂಗಡಿಗೆ ಹೋಗಿದ್ದೆ. ಸರಕು ಹಡಗಿನಿಂದ ಇಳಿದಿದೆ. ಬಂದೇಬಿಡ್ತು ರಶೀದಿ ತೋರಿಸಿದ, ಅಂದರೆ ಈ ಸಲ ನಿಜವಾಗಿಯೂ ಬಂದೇ ಬಿಟ್ಟಿತು. ಹತ್ತು ದಿನ, ಹೆಚ್ಚೆಂದರೆ ಹನ್ನೆರಡು. ಡಬ್ಬದ ಮೇಲಿನ ಚಿತ್ರವೂ ಪ್ರಕಟವಾಗಿದೆ: ಕೆಂಪು ಗಾಡಿ, ಮುಂಬದಿಯಿಂದ ಬಾಗಿಲವರೆಗೆ ಹಳದಿ ಬೆಂಕಿ ನಾಲಿಗೆ. ಆ ಬೆಂಕಿಯನ್ನು ನೀರಿನಲ್ಲಿ ನೆನೆಸಿ ಅಂಟಿಸುವ ಸ್ಟಿಕ್ಕರಾಗಿ ಕೊಟ್ಟಿದ್ದಾರೆ. ನೀವು ಸ್ಟಿಕ್ಕರನ್ನು ಡಬ್ಬದಲ್ಲೇ ಬಿಟ್ಟು ಟೇಪು ಕತ್ತರಿಸಿ, ಹಳದಿಯ ಮೇಲೆ ಕಿತ್ತಳೆ ಹಾಯಿಸಿ, ಕೈಯಲ್ಲೇ ಹೊಡೆಯುತ್ತೀರಿ. ಷೆಡ್ಡಿನಲ್ಲಿ ಬಸ್ಸಿನ ಪಕ್ಕೆಗೆ ನೀವು ಉದ್ದ ಗೆರೆ ಎಳೆಯುವುದನ್ನು ನಾನು ನೋಡಿದ್ದೇನೆ. ಹತ್ತು ಮೀಟರು ನಡೆದುಕೊಂಡೇ ಹೋಗುತ್ತೀರಿ, ಸ್ಪ್ರೇ ಗನ್ನು ಅಲ್ಲಾಡುವುದಿಲ್ಲ, ಪಕ್ಕದವನ ಜೊತೆ ಮಾತೂ ನಿಲ್ಲುವುದಿಲ್ಲ.

ಡಬ್ಬವನ್ನು ನಿಮ್ಮ ಮನೆ ವಿಳಾಸಕ್ಕೇ ಕಳಿಸಲು ಹೇಳಿ ಬಂದಿದ್ದೇನೆ. ಅದು ನಿಮ್ಮ ಮುಂದೆ ಬಿಚ್ಚಿಕೊಳ್ಳಲಿ. ನನ್ನ ಎಂಜಿನು ಕಾಯುತ್ತದೆ. ನಾನು ಬರಬೇಕೋ ಬೇಡವೋ ಈ ಕಾಗದ ಪೂರ್ತಿ ಓದಿದ ಮೇಲೆ ನೀವು ಹೇಳಿ.

ಅಕ್ಕನಿಗೆ ಧೈರ್ಯ ಹೇಳಿ. ಸೊಸೆಗೆ ನೂರು ವರ್ಷ ಆಯಸ್ಸಿರಲಿ, ಅವಳಪ್ಪನಂಥ ಕೈ ಬರಲಿ. ನಿಮ್ಮ ಕಾಲಿಗೆ ನಮಸ್ಕಾರ.

ನಿಮ್ಮ ಭಾಮೈದ

ಮರೆತದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು:

ಆ ಬಣ್ಣ ನೀವು ಕೆಡಿಸಿದ್ದಲ್ಲ, ನಾನು ಕೆಡಿಸಿದ್ದು.

ನೀವು ಆ ಇಪ್ಪತ್ತನಾಲ್ಕನೆಯ ಗಾಡಿಗೆ ನಿಧಾನಕ್ಕೆ ಒಣಗುವ ಎನಾಮಲ್ ಬಣ್ಣ ಹೊಡೆದು, ನಮ್ಮ ಬೀರುವಿನ ಮೇಲೆ ಬೂಟಿನ ಡಬ್ಬ ಮುಚ್ಚಿಟ್ಟು, ಎರಡು ವಾರ ಇದರ ಹತ್ತಿರ ಹೋಗಬೇಡ ಎಂದು ಊರಿಗೆ ಹೋದಿರಿ. ಐದನೆಯ ದಿನ ನಾನು ಡಬ್ಬ ಎತ್ತಿ ನೋಡಿದೆ. ಕನ್ನಡಿಯ ಹಾಗಿತ್ತು. ಇನ್ನೂ ಹೊಳೆಯಲಿ, ಭಾವ ಬಂದಾಗ ಬೆರಗಾಗಲಿ ಎಂದು ಮನೆಯಲ್ಲಿದ್ದ ಹೊಳಪಿನ ಲ್ಯಾಕರಿನ ಸ್ಪ್ರೇ ಕ್ಯಾನು ತಂದು ಮೇಲೊಂದು ಕೋಟ್ ಹೊಡೆದೆ. ಹಸಿ ಎನಾಮಲಿನ ಮೇಲೆ ಲ್ಯಾಕರು ಹೊಡೆಯಬಾರದು, ಅಡಿಯ ಬಣ್ಣವನ್ನು ತಿಂದುಹಾಕುತ್ತದೆ ಎಂದು ನೀವೇ ನನಗೆ ಕಲಿಸಿದ್ದು. ನೂರು ಸಲ ಹೇಳಿದ್ದೀರಿ. ಹತ್ತು ನಿಮಿಷದಲ್ಲಿ ಛಾವಣಿ ಪೂರ್ತಿ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತು. ಕ್ಯಾನನ್ನು ಪಕ್ಕದ ಬೀದಿಯ ತೊಟ್ಟಿಗೆ ಹಾಕಿ ಬಂದೆ.

ನೀವು ಬಂದು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಿರಿ. ಏನಾದರೂ ಹೊಡೆದೆಯಾ ಎಂದು ಕೇಳಿದಿರಿ. ನಾನು ಮುಟ್ಟೇ ಇಲ್ಲ ಭಾವ ಎಂದೆ. ನೀವು ನಂಬಿದಿರಿ. ಹಾಗಾದ್ರೆ ನಾನೇ ಒಂದರ ಮೇಲೊಂದು ಬೇಗ ಹೊಡೆದಿರಬೇಕು, ಎಷ್ಟು ಹೊತ್ತು ಬಿಟ್ಟೆ ಅಂತ ನೆನಪೇ ಇಲ್ಲ ನೋಡು ಎಂದಿರಿ. ಅಲ್ಲೇ ಬಾಯಿಬಿಡಬಹುದಿತ್ತು. ನಾನು ಹವೆ ಸರಿಯಿರಲಿಲ್ಲ ಎಂದೆ.

ನಾಚಿಕೆಗೆ ಹೇಳಿದ ಸುಳ್ಳು, ಆಮೇಲೆ ಅಭ್ಯಾಸವಾಯಿತು. ಅದು ನಿಮ್ಮನ್ನು ಷೆಡ್ಡಿನಲ್ಲೂ ಕಾಡುತ್ತಿದೆ ಎಂದು ಬುಧವಾರದವರೆಗೆ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ನಾಲ್ಕು ದಿನ ತೆಗೆದುಕೊಂಡೆ, ಅದನ್ನೂ ಸೇರಿಸಿ ಬೈಯಿರಿ. ಇದನ್ನು ಅಕ್ಕನಿಗೆ ಓದಿ ಹೇಳಿ. ಅರ್ಜಿ ವಾಪಸ್ಸು ತೆಗೆದುಕೊಳ್ಳಿ.

ಹೊತ್ತು ನಿಮಗೆ ನೆನಪಿಲ್ಲ, ಯಾಕೆಂದರೆ ನೀವು ಕೆಲಸದಲ್ಲಿದ್ದಿರಿ. ನಾನು ಎದುರಿಗೆ ಸುಮ್ಮನೆ ಕೂತು ನೋಡುತ್ತಿದ್ದೆ. ಮೊದಲ ಕೋಟ್ ಬೆಳಿಗ್ಗೆ ಹತ್ತಕ್ಕೆ. ಎರಡನೆಯದು ಹತ್ತೂಕಾಲಿಗೆ. ಮೂರನೆಯದು ಹತ್ತೂವರೆಗೆ. ಒಂದು ನಿಮಿಷವೂ ಆಚೀಚೆ ಇರಲಿಲ್ಲ.