ಕೂಸಿಗೆ ನಾನೇನಾಗಬೇಕು

ಮಾರ್ಕಮ್, ಕೆನಡಾ
12 ಮೇ 2024, ರವಿವಾರ

ಅಕ್ಕಾ,

ಧಾರವಾಡದ ಬಿಸಿಲಲ್ಲಿ ಹಪ್ಪಳ ಕಾಯುತ್ತ ಕೂತಿರುವ ನಿನಗೆ ತಂಗಿಯ ಶರಣು.

ನಾನು ಹೆರದ ಮಗಳು, ಈ ಮನೆಗೆ ಎರಡನೆಯವಳಾಗಿ ಬಂದ ಹದಿನಾಲ್ಕು ವರ್ಷದಿಂದ ನನ್ನನ್ನು ಆಂಟಿ ಅನ್ನುವವಳು, ನಮ್ಮ ಮಾಲವಿಕಾ. ಅವಳ ಕೂಸಿಗೆ ನಿನ್ನೆ ಹೆಸರಿಟ್ಟೆವು.

ತೀರಿಹೋದ ತನ್ನ ತಾಯಿಯ ಹೆಸರೇ ಇಡಬೇಕೆಂದು ಅವಳು ಮೊದಲೇ ಹೇಳಿದ್ದಳು. ಅಜ್ಜಿಯ ಹೆಸರು ಮೊಮ್ಮಗಳಿಗೆ, ನಮ್ಮ ಕಡೆ ರೂಢಿಯೇ. ಹೂಂ ಅಂದೆ. ಆದರೆ ಒಂದು ಯೋಚನೆ ಹತ್ತಿತು. ಅಜ್ಜಿಯ ಜಾಗ ಆ ತಾಯಿಯದಾದ ಮೇಲೆ ಕೂಸಿಗೆ ನಾನೇನಾಗಬೇಕು? ಅದಕ್ಕೂ ಆಂಟಿಯೇ? ಯಜಮಾನರನ್ನು ಕೇಳಿದರೆ, ಮಾತು ಬಂದ ಮ್ಯಾಲೆ ಏನಾರ ಅಂತೈತಿ ಬಿಡು ಅಂದರು. ರಿಟೈರಾದ ಎಂಜಿನಿಯರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು!

ಇಲ್ಲಿಯ ತೊಟ್ಟಿಲು ತೂಗುವುದಿಲ್ಲ, ಪೆಟ್ಟಿಗೆಯ ಹಾಗೆ ನಿಂತಿರುತ್ತದೆ. ಬೇಸ್‌ಮೆಂಟಿನಲ್ಲಿ ನನ್ನ ಇಳಕಲ್ ಸೀರೆಯ ಎರಡು ತುದಿ ಹಿಡಿದು ಜೋಲಿ ಮಾಡಿದೆವು. ಸೋದರತ್ತೆ ಈಶಾ ಕೂಸಿನ ಕಿವಿಯಲ್ಲಿ ಕುರ್ರ್ ಅಂದು, ಜಯಲಕ್ಷ್ಮಿ ಅಂದಳು. ಹೆಂಗಸರೆಲ್ಲ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿದರು. ಕೆನಡಾದಲ್ಲೇ ಹುಟ್ಟಿದ ಹುಡುಗಿ, ಪಾಪ, ಏನು ತಪ್ಪಾಯಿತೋ ಎಂದು ಸಾರಿ ಸಾರಿ ಅಂದಳು.

ಕೂಸು ಅತ್ತಿತು. ಮಾಲವಿಕಾ ಎತ್ತಿಕೊಂಡಳು, ಹೆಸರು ಹಿಡಿದು ಕರೆಯಲು ಬಾಯಿ ತೆರೆದವಳು ತಡೆದಳು. ಹೆತ್ತವ್ವನ ಹೆಸರು ಹಿಡಿದು ಕೂಗುವುದುಂಟೇ? ಸುಮ್ನಿರು ನಮ್ಮವ್ವ, ಸುಮ್ನಿರು ಅಂತ ಬೆನ್ನು ತಟ್ಟಿದಳು. ಅವಳ ಬಾಯಲ್ಲಿ ಅವ್ವ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ನೇರ ನನ್ನ ಹತ್ತಿರ ಬಂದು, ಅಜ್ಜೀ, ನಮ್ಮವ್ವನ್ನ ಸ್ವಲ್ಪ ಹಿಡ್ಕೋರಿ ಅಂದಳು.

ಅಕ್ಕಾ, ಕೇಳು. ಯಾರ ಜಾಗ ಕಿತ್ತುಕೊಂಡೆನೋ ಎಂದು ಇಷ್ಟು ವರ್ಷ ಅಂಜಿದ್ದೆನೋ, ಆಕೆಯೇ ಕೂಸಾಗಿ ನನ್ನ ತೊಡೆಯ ಮೇಲೆ ಮಲಗಿ ನನ್ನ ಬೆರಳು ಹಿಡಿದಿದ್ದಳು. ಆಕೆಗೇ ನಾನು ಅಜ್ಜಿ! ನಮ್ಮವ್ವ ಅಂತ ಹೆಣ್ಣುಕೂಸುಗಳಿಗೆ ದಿನಾ ಆಡುವ ಸಣ್ಣ ಮಾತು, ಅದರೊಳಗೆ ಇಷ್ಟೆಲ್ಲ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಕೈ ಮುಗಿಯಬೇಕೆನಿಸಿತು, ಆದರೆ ಕೈಯಲ್ಲಿ ಕೂಸಿತ್ತು.

ನಿನ್ನ ತಂಗಿ,
ನಿಂಗವ್ವ

ತಾ.ಕ.: ಮುಂದಿನ ತಿಂಗಳು ಬಂದು ನಾಲ್ಕು ವಾರ ಇದ್ದು ಹೋಗುತ್ತೇನೆ ಅಂದಿದ್ದೆನಲ್ಲ, ಸುಳ್ಳು. ಇಲ್ಲಿಗೆ ತಿರುಗಿ ಬರುವ ಟಿಕೆಟ್ ತೆಗೆಸಿಯೇ ಇರಲಿಲ್ಲ. ಇವತ್ತು ಮುಂಜಾನೆ ಊರಿಗೆ ಬರುವ ಟಿಕೆಟ್ಟನ್ನೂ ರದ್ದು ಮಾಡಿಸಿದೆ. ಹಪ್ಪಳ ಪಾರ್ಸಲ್ ಮಾಡು.